ಕೊಟ್ಟಿಗೆಯ ಲೆಕ್ಕ

ಮೂರು ರಾತ್ರಿ ಬಿಳಿ ಬಟ್ಟೆ ಕಟ್ಟಿ ದೀಪ ಹಚ್ಚಿಟ್ಟೆವು.
ಬಂದವು ನೂರಾರು: ಹಸಿರಿನವು, ಹಳದಿಯವು,
ರೆಕ್ಕೆಯ ತುಂಬ ಕಣ್ಣು ಬರೆದುಕೊಂಡವು.
ಅದೊಂದು ಬರಲಿಲ್ಲ.
ಬೆಂಕಿಗೆ ಬಿದ್ದು ಹೆಸರು ಮಾಡುವ ಹುಚ್ಚು ಅದಕ್ಕಿಲ್ಲ.

"ದೀಪ ಆರಿಸು, ಕೊಟ್ಟಿಗೆಗೆ ಬಾ,"
ಅಂದ ಇನ್‌ಕೇವ್ ದೊಡ್ಡಪ್ಪ,
ಜಿಗುಟನ್ನದ ಬಿದಿರುಬುಟ್ಟಿ ಮುಚ್ಚುತ್ತಾ.
"ಅದರ ಊಟ ಇರುವುದು ಅಲ್ಲಿ."

ಮೇ ಚೇಮ್ ಕಣಿವೆ. ನಾಟಿ ಮುಗಿದ ವಾರ.
ಟಾರ್ಚಿನ ಬಾಯಿಗೆ ಕೆಂಪು ಕಾಗದ ಸುತ್ತಿ
ಕೋಣನ ಮುಖಕ್ಕೆ ಹಿಡಿದೆ.
ಎಡಗಣ್ಣಿನ ಕೆಳಗೆ ಏಳು, ಬಲಗಣ್ಣಿಗೆ ನಾಲ್ಕು,
ಪಂಕ್ತಿಗೆ ಕೂತವರ ಹಾಗೆ
ಒಬ್ಬರಿಗೊಬ್ಬರು ಭುಜ ತಾಗಿಸಿ.

ನೋಡಲಿಕ್ಕೆ ಅಂಥದ್ದೇನಿಲ್ಲ.
ಹೆಬ್ಬೆರಳ ಉಗುರಿನಷ್ಟು. ಬೂದಿಬಣ್ಣ,
ಅದೂ ನಿನ್ನೆಯ ಒಲೆಯ ಬೂದಿ.
ರೆಕ್ಕೆಯಂಚಿಗೆ ಕಂದು ಮಸುಕು,
ಚಹಾದ ಲೋಟ ಇಟ್ಟು ಎತ್ತಿದ ಗುರುತಿನಂತೆ.
ಮುಟ್ಟಿದರೆ ಬೆರಳಿಗೆ ಹಿಟ್ಟು.
ಇರುವ ಆಸ್ತಿಯೆಲ್ಲ ಬಾಯಿ:
ಸುರುಳಿ ಬಿಚ್ಚಿದರೆ ಕೂದಲೆಳೆಯಂಥ ನಳಿಗೆ,
ಮುಚ್ಚಿದ ರೆಪ್ಪೆಗಳ ನಡುವೆಯೂ ಸದ್ದಿಲ್ಲದೆ ತೂರಿ
ಒದ್ದೆ ಎಲ್ಲಿದೆಯೆಂದು ಹುಡುಕುತ್ತದೆ.
ಹೂವಿನತ್ತ ಅದು ತಿರುಗಿದ್ದನ್ನು
ನಾನಂತೂ ಕಾಣೆ.
ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ಇದಕ್ಕೆ ಎರಡೂ ಒಂದೇ ಗುಟುಕು.

ನಕ್ಷೆಯ ಮೇಲೆ ಗುರುತು ಹಾಕಲು ಹೇಳಿದ್ದರು.
ಸಾಲ್ವೀನ್ ಹೊಳೆಯಾಚೆ ಶಾನ್ ಬೆಟ್ಟಗಳಲ್ಲಿ ಇದೆಯಂತೆ,
ಲಾವೋಸಿನ ಎಮ್ಮೆಗಳಿಗೂ ಪರಿಚಯವಂತೆ,
ಕೆಳಗೆ ಮಲಯದ ಕಾಡಿನಲ್ಲೂ ಯಾರೋ ಕಂಡರಂತೆ.
ಗಡಿ ಠಾಣೆಯ ಪೊಲೀಸ್ ತೂಕಡಿಸುವಾಗ
ಅವನ ಕಣ್ಣಲ್ಲೂ ಒಂದು ಗುಟುಕು ಕುಡಿದು
ದಾಟಿರಬಹುದು, ಚೀಟಿ ತೋರಿಸದೆ.
ಮರಿಹುಳು ಯಾವ ಎಲೆ ತಿನ್ನುತ್ತದೆ?
ಆ ಸಾಲು ಖಾಲಿ ಬಿಟ್ಟೆ.

"ಎಷ್ಟು ಅಂತ ಬರೀತೀಯ,
ಯಾಕೆ ಅಳ್ತಿದೆ ಅಂತ ಬರೆಯಲ್ವಾ?"
"ಅದು ಅಳುವಲ್ಲ ದೊಡ್ಡಪ್ಪ, ನೊಣ ಕೂತು ನೀರಾಡೋದು.
ಮತ್ತೆ, ಅದಕ್ಕೆ ಕಾಲಮ್ಮೂ ಇಲ್ಲ."
ಅವನು ತೆಂಗಿನ ನಾರಿಗೆ ಊದಿ ಹೊಗೆ ಎಬ್ಬಿಸಿದ.

ಮರುದಿನವೇ ಕೋಣನ ಕೊಂಬಿಗೆ ಬಿಳಿ ನೂಲು ಕಟ್ಟಿ
ಬಾಳೆಲೆಯ ದೊನ್ನೆಯಲ್ಲಿ ಹೂ, ಎಳೆಹುಲ್ಲು ಇಟ್ಟು
ಉಳುಮೆಯಲ್ಲಿ ಹೊಡೆದ ಒಂದೊಂದು ಏಟಿಗೂ ಕ್ಷಮೆ ಕೇಳಿದ;
ಬೆದರಿ ಗದ್ದೆಬಯಲಲ್ಲಿ ಚೆದುರಿಹೋದ ಅದರ ಜೀವವನ್ನು
ಹೆಸರು ಹಿಡಿದು ಮನೆಗೆ ಕರೆದ.
ಕಿನ್ನರಿ ನುಡಿಸಿದರೆ ಏನು ಮಾಡುತ್ತಿತ್ತೋ,
ಕ್ಷಮೆ ಕೇಳಿದ್ದಕ್ಕೆ ಕೋಣ
ದೊನ್ನೆಯನ್ನೇ ತಿಂದಿತು.

ಹನ್ನೆರಡನೆಯ ದಿನ ಲಾರಿ ಬಂತು.

ಅದರ ಜಾಗಕ್ಕೆ ಕಬ್ಬಿಣದ ಕೋಣ
(ಉಳುವ ಯಂತ್ರಕ್ಕೆ ಇಲ್ಲಿಯವರಿಟ್ಟ ಹೆಸರು):
ಕೆಂಪು ಮೈ, ಒಂಟಿ ದೀಪ, ಡೀಸೆಲ್ಲಿನ ಬೆವರು.
ಬುವಾತಿಪ್ ದೊಡ್ಡಮ್ಮ ಅದಕ್ಕೂ ನೂಲು ಕಟ್ಟಿದಳು, ಹಿಡಿಕೆಗೆ.
ಗಂಡನ ಮುಖ ನೋಡಲಿಲ್ಲ.

ನನ್ನ ಕೂಲಿ ತಿಂಗಳ ಲೆಕ್ಕದ್ದು. ಪಾಳಿ ಬಿಡುವಂತಿರಲಿಲ್ಲ.
ಗೂಟದ ಎದುರು ಕೂತು ಬರೆದೆ: ಸೊನ್ನೆ.
ಮರುರಾತ್ರಿ ಸೊನ್ನೆ. ಮತ್ತೆ ಸೊನ್ನೆ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ;
ಎಣ್ಣೆಗೆ ಬರುವ ಜಾತಿಯೂ ಅಲ್ಲ ಅದು.

ನಾಲ್ಕನೆಯ ರಾತ್ರಿ, ಯಂತ್ರದ ಪಕ್ಕ ಚಾಪೆ ಹಾಸಿ
ದೊಡ್ಡಪ್ಪ ಮಲಗಿದ್ದ. ಕಳ್ಳರ ಭಯ, ಅಂದಿದ್ದ.
ಕೆಂಪು ಬೆಳಕು ಹಾಗೇ ಸುಮ್ಮನೆ ಹೊರಳಿದಾಗ
ಅವನ ಎಡರೆಪ್ಪೆಯ ಅಂಚಿನಲ್ಲಿ ಒಂದು,
ರೆಕ್ಕೆ ತುಸು ಎತ್ತಿ, ನಳಿಗೆ ಇಳಿಬಿಟ್ಟು,
ಯಾರ ಮನೆಯ ಉಪ್ಪೆಂದು ಕೇಳದೆ.

ಎಬ್ಬಿಸಲಿಲ್ಲ. ಓಡಿಸಲಿಲ್ಲ.
ಗಡಿಯಾರ ನೋಡಿದೆ, ಹನ್ನೊಂದು ನಿಮಿಷ.
ಪತಂಗ: ಒಂದು. ಕಣ್ಣು: ಎಡ.
ಪ್ರಾಣಿ ಎಂದಿದ್ದ ಕಡೆ
ಪೆನ್ನು ಸ್ವಲ್ಪ ಹೊತ್ತು ನಿಂತಿತು.

ಬೆಳಿಗ್ಗೆ ಅವನು ಕಣ್ಣು ಉಜ್ಜಿಕೊಳ್ಳುತ್ತಾ
"ಹಾಳು ಹೊಗೆ," ಅಂದ.
ಒಲೆ ಇನ್ನೂ ಹಚ್ಚಿರಲಿಲ್ಲ.